ಕಪ್ಪು ಕ್ಯಾಡಿಲಾಕಿನ ಎಡಬಾಗಿಲು

ಫೆಬ್ರವರಿ 26, 2018, ಸೋಮವಾರ

ಮತಾನ್ಸಾಸ್ ನಗರದ ಸಮಸ್ತ ನಾಗರಿಕರಿಗೂ, ಕೊಲ್ಲಿಯಲ್ಲಿ ಅಳಿದುಳಿದ ಮೀನುಗಳಿಗೂ, ಇನ್ನು ಹುಟ್ಟಬೇಕಾದ ತಲೆಮಾರುಗಳಿಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ, ನಮ್ಮ ಸಂಗ್ರಹಾಲಯಕ್ಕೆ ಹೊಸ ಪೊರಕೆ ಮಂಜೂರಾಗಿ, ಹೊರಟು, ಬಂದು ತಲುಪಿದೆ. ಇದಕ್ಕಾಗಿ ನಾಲ್ಕು ವರ್ಷಗಳಲ್ಲಿ ಹನ್ನೊಂದು ಅರ್ಜಿ ಬರೆದಿದ್ದೆ. ಪೊರಕೆಗೆ ಹಿಡಿ ಇಲ್ಲ. ಹಿಡಿ ಬೇರೆ ಇಲಾಖೆಯದಂತೆ. ಅದಕ್ಕೆ ಬೇರೆ ಅರ್ಜಿ.

ಇಂಥ ದಿನ ದಾಖಲೆಯಿಲ್ಲದೆ ಕಳೆದುಹೋಗಬಾರದೆಂದು ಈ ನೋಟ್‌ಬುಕ್ ತೆರೆದಿದ್ದೇನೆ. ಬರೆಯುವವನೂ ನಾನೇ, ಓದುವವನೂ ನಾನೇ. ಆದ್ದರಿಂದ ವಿಮರ್ಶಕರ ಕಾಟವಿಲ್ಲ.

ಪೊರಕೆಗೆ ಒಂದು ಕಾಗದವನ್ನು ಸುತ್ತಿ ಕಳಿಸಿದ್ದರು. ಮಾರ್ಚ್ 24ಕ್ಕೆ ಅರವತ್ತು ವರ್ಷ ತುಂಬುವುದರಿಂದ ನಮ್ಮಲ್ಲಿರುವ ಹುತಾತ್ಮರ ಕಾರನ್ನು, ಇಲ್ಲಿಯ ಸಮಾರಂಭ ಮುಗಿದ ಮೇಲೆ, ಹವಾನಾದ ಪ್ರದರ್ಶನಕ್ಕೆ ಒಯ್ಯುತ್ತಾರಂತೆ. ಅದಕ್ಕೂ ಮೊದಲು, 19ರಂದು, ಒಬ್ಬ ತಜ್ಞರು ಬಂದು ಕಾರಿನ ಪ್ರತಿಯೊಂದು ಭಾಗವೂ ಅಸಲಿಯೇ ಎಂದು ಪರೀಕ್ಷಿಸುತ್ತಾರಂತೆ. ಬಾಗಿಲುಗಳ ಅಂಚಿನಲ್ಲಿ ಒತ್ತಿರುವ ನಂಬರುಗಳನ್ನೂ ನೋಡುತ್ತಾರಂತೆ.

ಪೊರಕೆ ಚೆನ್ನಾಗಿದೆ. ಕಡ್ಡಿಗಳು ಗಟ್ಟಿಯಾಗಿವೆ.

ಫೆಬ್ರವರಿ 27, ಮಂಗಳವಾರ

ನಿನ್ನೆ ಬರೆದದ್ದನ್ನು ಓದಿದೆ. ಮುಖ್ಯವಾದದ್ದನ್ನು ಬಿಟ್ಟು ಪೊರಕೆಯ ಬಗ್ಗೆ ಬರೆದಿದ್ದೇನೆ. ಮೂವತ್ತೊಂದು ವರ್ಷ ಸರ್ಕಾರಿ ಕೆಲಸ ಮಾಡಿದ ಕೈಗೆ ಇದು ಅಭ್ಯಾಸವಾಗಿಬಿಟ್ಟಿದೆ. ಮೇ ತಿಂಗಳಿಗೆ ನನಗೆ ನಿವೃತ್ತಿ. ಅಲ್ಲಿಯವರೆಗೆ ಜೈಲಿಗೆ ಹೋಗದಿದ್ದರೆ.

ವಿಷಯ ಹೀಗಿದೆ. ಕಾರು 1955ರ ಕಪ್ಪು ಕ್ಯಾಡಿಲಾಕ್. ಒಬ್ಬ ಸಕ್ಕರೆ ಗಿರಣಿ ಯಜಮಾನನದು. ಆ ಕಾಲದಲ್ಲಿ ಅಂಥ ಕಾರು ಕಂಡರೆ ಪೊಲೀಸರು ತಡೆಯುತ್ತಿರಲಿಲ್ಲ, ಸಲಾಂ ಹೊಡೆಯುತ್ತಿದ್ದರು. ಅದನ್ನೇ ನಂಬಿ, 1958ರ ಮಾರ್ಚ್ 24ರಂದು ಕಾರಿನ ಚಾಲಕ, ಯಜಮಾನನಿಗೆ ಹೇಳದೆ, ಗಾಯಗೊಂಡ ಒಬ್ಬ ವಿದ್ಯಾರ್ಥಿಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಸೇತುವೆ ದಾಟಲು ಹೊರಟ. ಆ ದಿನ ಮಾತ್ರ ಸಲಾಂ ಹೊಡೆಯಲಿಲ್ಲ. ಒಂಬತ್ತು ಗುಂಡು. ಆರು ಹಿಂದಕ್ಕೆ, ಮೂರು ಎಡಗಡೆಯ ಮುಂಬಾಗಿಲಿಗೆ. ನಮ್ಮ ಹಿತ್ತಾಳೆ ಹಲಗೆಯಲ್ಲಿ ಹೀಗಿದೆ: “ಈ ಕಾರಿನಲ್ಲಿ ಹುತಾತ್ಮ ಆರಿಸ್ತಿದೆಸ್ ಮೊಂತಾಲ್ವೊ ಮತ್ತು ಚಾಲಕ ಪ್ರಾಣ ತೆತ್ತರು.” ಚಾಲಕನಿಗೆ ಹೆಸರಿಲ್ಲವೇ ಎಂದು ಸಂದರ್ಶಕರು ಕೇಳಿದರೆ, ಹಿತ್ತಾಳೆ ದುಬಾರಿ ಎಂದು ಹೇಳುತ್ತೇನೆ. ನಗುತ್ತಾರೆ.

ಆ ಎಡಗಡೆಯ ಮುಂಬಾಗಿಲು ಅಸಲಿಯಲ್ಲ.

ಬರೆದುಬಿಟ್ಟೆ. ಕೈ ಬಿದ್ದುಹೋಗಲಿಲ್ಲ.

1993ರಲ್ಲಿ ಇಡೀ ದ್ವೀಪವೇ ಹಸಿದಿತ್ತು. ತಿನ್ನಲು ಇಲ್ಲದೆ ಜನರ ಕಣ್ಣು ಮಂಜಾಗುವ ಕಾಯಿಲೆ ಬಂತು. ನನ್ನ ಹೆಂಡತಿ ಸೊಬೈದಾಳಿಗೂ ಬಂತು. ಡಾಕ್ಟರು ಚೀಟಿಯಲ್ಲಿ “ಮಾಂಸ, ಮೊಟ್ಟೆ, ಹಾಲು” ಎಂದು ಬರೆದುಕೊಟ್ಟರು. ಚಂದ್ರನ ಮೇಲಿನ ಮಣ್ಣು ಎಂದು ಬರೆದಿದ್ದರೂ ವ್ಯತ್ಯಾಸವಿರಲಿಲ್ಲ. ಆಗ ನಮ್ಮ ಓಣಿಯ ಟ್ಯಾಕ್ಸಿ ಓರೆಸ್ತೆಸ್ ಬಂದ. ಅವನದೂ ಅದೇ ವರ್ಷದ ಕ್ಯಾಡಿಲಾಕ್. ಟ್ರ್ಯಾಕ್ಟರ್ ಗುದ್ದಿ ಎಡಬಾಗಿಲಿನ ಒಳಗೆಲ್ಲ ಪುಡಿಯಾಗಿತ್ತು, ಚಿಲಕ ಸತ್ತಿತ್ತು. “ನಿನ್ ಕಾರು ನಿಂತಿರುತ್ತೆ, ನನ್ ಕಾರು ಓಡ್ಬೇಕು. ಬದಲಾಯಿಸ್ಕೊಳ್ಳೋಣ. ಒಂದು ಹಂದಿ ಹಿಂಗಾಲು ಕೊಡ್ತೀನಿ,” ಅಂದ. ನಮ್ಮಲ್ಲಿ ಕಾರುಗಳು ಸಾಯುವುದಿಲ್ಲ, ಹಂಚಿಹೋಗುತ್ತವೆ. ಅದರಲ್ಲಿ ಯಾರೂ ತಪ್ಪು ಹುಡುಕುವುದಿಲ್ಲ. ನಾನೂ ಹುಡುಕಲಿಲ್ಲ.

ಅವನ ಬಾಗಿಲನ್ನು ತಟ್ಟಿ ನೆಟ್ಟಗೆ ಮಾಡಿ, ಕಪ್ಪು ಬಳಿದು, ಅಳತೆ ಹಿಡಿದು ಮೂರು ತೂತು ಕೊರೆದೆ. ಇಪ್ಪತ್ತನಾಲ್ಕು ವರ್ಷದಿಂದ ಶಾಲಾ ಮಕ್ಕಳು, ಮಂತ್ರಿಗಳು, ಒಬ್ಬ ಬಿಷಪ್ಪರು ನನ್ನ ತೂತುಗಳ ಮುಂದೆ ತಲೆ ಬಾಗಿಸಿದ್ದಾರೆ. ಕಲಾವಿದನಿಗೆ ಇನ್ನೇನು ಬೇಕು?

ಮಾರ್ಚ್ 1, ಗುರುವಾರ

ಓರೆಸ್ತೆಸ್ ಸತ್ತು ಒಂಬತ್ತು ವರ್ಷ. ಇದ್ದಾಗ ಬಾಯಿಬಡುಕನಾಗಿದ್ದವನು, ಬೇಕಾದಾಗ ಮಾತಾಡುತ್ತಿಲ್ಲ.

ಮಾರ್ಚ್ 24ಕ್ಕೆ ಬೆರಳಿನ ಹೆಂಗಸೂ ಬರುತ್ತಾಳೆ. ಅದು ಬೇರೆ ತಲೆನೋವು. ಆಕೆ ಆ ಚಾಲಕನ ಮಗಳು. ಅವನು ಸತ್ತಾಗ ಎಂಟು ವರ್ಷದವಳಿದ್ದಳಂತೆ. ಪ್ರತಿ ವರ್ಷ ಉನಿಯೊನ್ ದೆ ರೆಯೆಸ್ ಊರಿನಿಂದ ಬಸ್ಸಿನಲ್ಲಿ ಬಂದು, ಬಾಗಿಲಿನ ನಡುವಣ ತೂತಿನಲ್ಲಿ ಕಿರುಬೆರಳಿಟ್ಟು ಹತ್ತು ನಿಮಿಷ ನಿಲ್ಲುತ್ತಾಳೆ. ಆಮೇಲೆ ನನ್ನ ಕಾಫಿ ಕುಡಿದು, ಸಕ್ಕರೆ ಕಡಿಮೆ ಎಂದು ಹೇಳಿ ಹೊರಟುಹೋಗುತ್ತಾಳೆ. “ವಸ್ತುಗಳನ್ನು ಮುಟ್ಟಬೇಡಿ” ಎಂಬ ಫಲಕಕ್ಕೆ ಆಕೆ ವರ್ಷಕ್ಕೊಮ್ಮೆ ಮಾಡುವ ಅವಮಾನ ಇದು. ಸಹಿಸಿಕೊಂಡು ಬಂದಿದ್ದೇನೆ.

ಮಾರ್ಚ್ 4, ಭಾನುವಾರ

ವೆರ್ಸಾಯೆಸ್ ಬಡಾವಣೆಗೆ ಹತ್ತಿ ಹೋದೆ, ಓರೆಸ್ತೆಸ್‌ನ ವಿಧವೆ ಮಿಗ್ದಾಲಿಯಾ ಇರುವಲ್ಲಿಗೆ. ಮಂಡಿ ಎರಡು ಕಡೆ ನಿಂತಿತು, ನಾನೂ ಅದರ ಜೊತೆ ನಿಂತೆ.

“ಯಾರದು? ಓಹೋ, ಮ್ಯೂಸಿಯಂ ಸಾಹೇಬ್ರು! ಸತ್ತೋರ ಸಾಮಾನು ಕಾಯೋದು ಬಿಟ್ಟು ಬದುಕಿರೋರ ಮನೆಗೆ ಬಂದ್ರಲ್ಲಪ್ಪ. ಯಾರು ಹೋದ್ರು?”

“ಯಾರೂ ಹೋಗಿಲ್ಲ ಮಿಗ್ದಾಲಿಯಾ. ಓರೆಸ್ತೆಸ್ ಕಾರಿನ ವಿಷ್ಯ...”

“ಅವನು ಹೋದ ವರ್ಷಾನೇ ಕಾರೂ ಹೋಯ್ತು. ಇಂಜಿನ್ನು ಕಾರ್ದೆನಾಸ್ ಊರಿನೋನು ಒಯ್ದ. ಸೀಟು ಅಳಿಯ ಒಯ್ದ, ಅದ್ರ ಮೇಲೇ ಬಿದ್ಕೊಂಡಿರ್ತಾನೆ, ಕೆಲ್ಸ ಇಲ್ಲ ಬೊಗಸೆ ಇಲ್ಲ.”

“ಬಾಗಿಲು? ಎಡಗಡೇದು, ಮುಂದಿಂದು?”

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ಹಿತ್ತಲ ಕಡೆ ಗದ್ದ ತಿರುಗಿಸಿದಳು. “ಅಲ್ಲಿದೆ. ಹೋಗಿ ಮಾತಾಡ್ಸು.”

ಹಿತ್ತಲಲ್ಲಿ ಹಂದಿಗೂಡು. ಗೂಡಿಗೆ ಬಾಗಿಲಾಗಿ, ತಂತಿಯಲ್ಲಿ ಕಟ್ಟಿಸಿಕೊಂಡು, ಅದು ನಿಂತಿತ್ತು. ಮೇಲೆ ಹಸಿರು, ಅದು ಸುಲಿದಲ್ಲಿ ಆಕಾಶನೀಲಿ, ಅದೂ ಸುಲಿದಲ್ಲಿ ಕಪ್ಪು. ಗಾಜಿಲ್ಲದ ಕಿಟಕಿಯಿಂದ ಒಂದು ದಪ್ಪ ಹಂದಿ ತಲೆ ಹೊರಹಾಕಿ, ಸಂಜೆ ಸವಾರಿಗೆ ಹೊರಟ ಗಿರಣಿ ಯಜಮಾನನ ಹಾಗೆ ನನ್ನನ್ನು ನೋಡುತ್ತಿತ್ತು. ಅಂಚನ್ನು ಉಗುರಿನಿಂದ ಕೆರೆದೆ. ನಮ್ಮ ನಂಬರೇ.

ಹಂದಿಯ ಕಾಲಿಗೆ ಕೊಟ್ಟ ಬಾಗಿಲು ಹಂದಿಯ ಬಾಗಿಲಾಗಿದೆ. ಇದನ್ನು ಯಾರಾದರೂ ಕಥೆಯಲ್ಲಿ ಬರೆದರೆ ಅತಿಯಾಯಿತು ಎನ್ನುತ್ತೇನೆ.

“ಇದು ನನಗೆ ಬೇಕು,” ಅಂದೆ.

“ನನ್ನ ಜೀವವೇ,” ಅಂದಳು ಮಿಗ್ದಾಲಿಯಾ. ನಮ್ಮ ಹೆಂಗಸರು ‘ನನ್ನ ಜೀವವೇ’ ಅಂದರೆ ಜೀವ ತೆಗೆಯುವ ಮುಹೂರ್ತ ಬಂತೆಂದೇ ಅರ್ಥ. “ಹಾಗಾದ್ರೆ ನನ್ನ ಹಂದಿ ಬಾಗ್ಲಿಲ್ದೆ ಬೀದಿಗೆ ಬೀಳ್ಬೇಕಾ?”

“ಸಂಗ್ರಹಾಲಯದ್ದು ಹೊಸಾ ಪೊರಕೆ ಇದೆ. ಕೊಡ್ತೀನಿ.”

“ಹಿಡಿ ಇದ್ಯಾ?”

“ಇಲ್ಲ.”

“ನಿನ್ ತಲೆ. ಬಾಗಿಲಿಗೆ ಬಾಗಿಲು ಕೊಡು. ನಿಮ್ಮನೇಲಿ ದೇವದಾರು ಬಾಗಿಲಿದೆ, ಸೊಬೈದಾ ಕೋಣೇದು. ಒಳ್ಳೇ ಮರ. ಅವಳ ತಿಥಿಗೆ ಬಂದಾಗ್ಲೇ ನೋಡಿದ್ದೆ.”

“ಅದಾಗಲ್ಲ.”

“ಆಗ್ದಿದ್ರೆ ಹಂದಿ ಹತ್ರ ಮಾತಾಡ್ಕೋ. ಅದು ನನ್ನಷ್ಟು ಕಟ್ಟುನಿಟ್ಟಲ್ಲ.”

ಮಾರ್ಚ್ 6, ಮಂಗಳವಾರ

ಆಗುವುದಿಲ್ಲ ಎಂದರೆ ಆಗುವುದಿಲ್ಲ. ಆ ಬಾಗಿಲನ್ನು ಏಳು ವರ್ಷದಿಂದ ಮುಚ್ಚಿಟ್ಟಿದ್ದೇನೆ. ಧೂಳು ಒಳಗೆ ಹೋಗದಿರಲೆಂದು ಅಷ್ಟೆ, ಬೇರೇನಿಲ್ಲ.

ಮಾರ್ಚ್ 8, ಗುರುವಾರ

ಮಹಿಳಾ ದಿನ. ಬೀದಿಯಲ್ಲೆಲ್ಲ ಗಂಡಸರು ಹೂ ಹಿಡಿದುಕೊಂಡು ಓಡಾಡುತ್ತಿದ್ದರು. ನಾನು ಬಾಗಿಲು ಹೊತ್ತುಕೊಂಡು ಓಡಾಡಿದೆ.

ಕೀಲು ಬಿಚ್ಚಲು ಅರ್ಧ ಗಂಟೆ, ಕೈಗಾಡಿಯಲ್ಲಿ ಮೇಲಕ್ಕೆ ತಳ್ಳಲು ಎರಡು ಗಂಟೆ, ಕ್ಯಾಡಿಲಾಕಿನ ಬಾಗಿಲನ್ನು ಕೆಳಗೆ ತರಲು ಒಂದು ಗಂಟೆ. ಹಂದಿ ಹೊಸ ಬಾಗಿಲನ್ನು ಮೂಸಿ, ಒಪ್ಪಿಗೆಯಾಗಿ, ಮೈ ಉಜ್ಜಿಕೊಂಡಿತು.

ಮನೆಗೆ ಬಂದರೆ ಆ ಕೋಣೆ ತೆರೆದ ಬಾಯಿಯ ಹಾಗೆ ಇತ್ತು. ಅವಳ ಕನ್ನಡಕ ಕಿಟಕಿಯ ಮೇಲೇ ಇದೆ. ಒಂದು ಗಾಜು ದಪ್ಪ. ಇನ್ನೊಂದು ಬರೀ ಗಾಜು, ಆ ಕಣ್ಣಿಗೆ ಏನು ಹಾಕಿದರೂ ಪ್ರಯೋಜನವಿರಲಿಲ್ಲ.

ಮಾರ್ಚ್ 12, ಸೋಮವಾರ

ಬಣ್ಣ ಸುಲಿಯಲು ಮೂರು ದಿನ ಹಿಡಿಯಿತು. ಓರೆಸ್ತೆಸ್ ತೂತುಗಳಿಗೆ ಹೊರಗಡೆಯಿಂದ ಸೀಸ ತುಂಬಿದ್ದ. ಹೊರಮೈ ಸಪಾಟಾಗಿತ್ತು. ಒಳಗಡೆಯನ್ನೂ ನೋಡುವಷ್ಟು ಶ್ರಮ ಆ ಸೋಮಾರಿ ಪಟ್ಟಿರಲಿಲ್ಲ. ಹಾಗಾಗಿ ಒಳಗೆ ಎಲ್ಲವೂ ಇದ್ದ ಹಾಗೇ ಇದೆ.

ಬರ್ನರ್ ಹಿಡಿದೆ. ಸೀಸ ಕರಗಿ ತೊಟ್ಟು ತೊಟ್ಟಾಗಿ ಖಾಲಿ ಮೀನಿನ ಡಬ್ಬಿಗೆ ಬಿತ್ತು. ಮೂರು ತೂತೂ ತೆರೆದವು. ಮುಚ್ಚಳವನ್ನು ಚಾಕುವಿನಿಂದ ತಿವಿದು ತೆರೆದ ಡಬ್ಬಿಯ ಹಾಗೆ, ಒಳಗಡೆ ಲೋಹ ಹಲ್ಲು ಹಲ್ಲಾಗಿ ಮಡಚಿದೆ. ಉಳಿದ ಸೀಸ ತೆಗೆಯಲು ನಡುವಣ ತೂತಿಗೆ ಕಿರುಬೆರಳು ಹಾಕಿದೆ. ಹೋಗುವಾಗ ಸುಮ್ಮನೆ ಬಿಟ್ಟುಕೊಂಡಿತು. ತೆಗೆಯುವಾಗ ಕಚ್ಚಿತು. ಉಗುರಿನ ಬುಡದವರೆಗೆ ಸೀಳಿ ರಕ್ತ.

ಬೆರಳಿಗೆ ಬಟ್ಟೆ ಸುತ್ತಿಕೊಂಡು ಚಾಲಕನ ಸೀಟಿನಲ್ಲಿ ಕುಳಿತು, ಬಾಗಿಲನ್ನು ಪಕ್ಕಕ್ಕೆ ಒರಗಿಸಿ, ಒಂದು ಕಡ್ಡಿಯನ್ನು ತೂತಿನೊಳಗೆ ಗುಂಡು ಬಂದ ಓಟಕ್ಕೇ ತೂರಿಸಿ ನೋಡಿದೆ. ನನಗೆ ಅದು ಸೊಂಟಕ್ಕೆ ತಾಗುತ್ತದೆ. ಅವನಿಗೆ ಪಕ್ಕೆಗೆ ತಾಗಿತ್ತೆಂದು ಕಡತದಲ್ಲಿದೆ. ಹಾಗಾದರೆ ಚಾಲಕ ಸಿಕ್ಸ್ತೊ ಪೊವೆದಾ ನನಗಿಂತ ಕುಳ್ಳನಿದ್ದಿರಬೇಕು. ಮೂವತ್ತೊಂದು ವರ್ಷದಿಂದ ಆ ಕಾರನ್ನು ಒರೆಸುತ್ತಿದ್ದೇನೆ, ಇದು ಗೊತ್ತಿರಲಿಲ್ಲ.

ಮಾರ್ಚ್ 14, ಬುಧವಾರ

ಬೆರಳು ಊದಿದೆ. ಔಷಧದಂಗಡಿಯಲ್ಲಿ ಸ್ಪಿರಿಟ್ ಇಲ್ಲ, ಹತ್ತಿ ಇದೆ. ಇನ್ನೊಂದು ಅಂಗಡಿಯಲ್ಲಿ ಹತ್ತಿ ಇಲ್ಲ, ಸ್ಪಿರಿಟ್ ಬರಬಹುದಂತೆ. ರಮ್ ಹಾಕಿದೆ. ಬೆರಳಿಗೆ ಸ್ವಲ್ಪ.

ಮಾರ್ಚ್ 17, ಶನಿವಾರ

ಬಾಗಿಲು ತನ್ನ ಜಾಗದಲ್ಲಿ ಕೂತಿತು. ಮುಚ್ಚಿದಾಗ ದಪ್ಪಗೆ ಒಂದು ಸದ್ದು ಬಂತು, ಒಳ್ಳೆ ಮನೆಯ ಬಾಗಿಲಿನ ಹಾಗೆ. ಕೃತಕ ಬಾಗಿಲನ್ನು ಶೆಡ್ಡಿನಲ್ಲಿ ಗೋಡೆಗೆ ಒರಗಿಸಿದ್ದೇನೆ. ಈಗ ಯಾರು ಬಂದರೂ ಬರಲಿ.

ಮನೆಯಲ್ಲಿ ಇತ್ತೀಚೆಗೆ ಆ ಕೋಣೆಯಲ್ಲೇ ಮಲಗುತ್ತಿದ್ದೇನೆ. ಅಲ್ಲಿ ಗಾಳಿ ಚೆನ್ನಾಗಿದೆ.

ಮಾರ್ಚ್ 19, ಸೋಮವಾರ

ತಜ್ಞರು ಬಂದರು. ಇಂಜಿನಿಯರ್ ಬರ್ರೇರೊ. ಬಗಲಲ್ಲಿ ಕಡತ, ಹಣೆಯಲ್ಲಿ ಬೆವರು. ಮೊದಲ ಪ್ರಶ್ನೆ: “ಇಲ್ಲಿ ಊಟಕ್ಕೆ ಎಲ್ಲಿ ಹೋಗ್ತೀರಿ?”

ಕಾರಿನ ಸುತ್ತ ಒಂದು ಸುತ್ತು ಬಂದು, ಫಾರಂನಲ್ಲಿ “ಚಕ್ರ: ನಾಲ್ಕು” ಎಂದು ಬರೆದುಕೊಂಡರು.

“ಬಾಗಿಲಿನ ನಂಬರು ನೋಡ್ತೀರಾ ಸರ್?” ಅಂದೆ.

“ಎಲ್ಲಿರುತ್ತೆ ಅದು?”

“ಕೆಳಗಡೆ ಅಂಚಿನಲ್ಲಿ.”

“ಬಗ್ಬೇಕಾ? ಅಯ್ಯೋ, ನನ್ ಸೊಂಟ ಸರಿ ಇಲ್ಲ ಮಾರಾಯ್ರೆ. ನೀವು ನೋಡಿದೀರಲ್ಲ, ಸಾಕು ಬಿಡಿ.”

ಕೈ ತೊಳೆಯಲು ಶೆಡ್ಡಿನ ಕಡೆ ಹೋದವರು ಕೃತಕ ಬಾಗಿಲನ್ನು ಕಂಡು ನಿಂತರು. ತೂತಿನ ಅಂಚಿನ ಮೇಲೆ ಬೆರಳಾಡಿಸಿದರು. “ಆಹಾ! ಇದು ಅಸಲೀದಾ? ನೋಡಿ, ಎಷ್ಟು ಅಚ್ಚುಕಟ್ಟಾಗಿದೆ!”

ಊಟ ಮಾಡಿಕೊಂಡು ಹೋದರು. ನಾನು ಉಳಿದೆ: ಕೆಲಸ, ಪಿಂಚಣಿ, ಮರ್ಯಾದೆ, ಎಲ್ಲ ಉಳಿಯಿತು. ಸಂತೋಷವಾಗಬೇಕಿತ್ತು. ನಾಳೆ ಆಗಬಹುದು.

ಮಾರ್ಚ್ 20, ಮಂಗಳವಾರ

ಬೆಳಿಗ್ಗೆ ಫೋನ್ ಬಂತು.

“ಎವೆಲಿಯೊ ಅವ್ರಾ? ನಾನು ಎನೆಯ್ಡಾ. ಪೊವೆದಾ ಮಗಳು. ಈ ಸಲ ಭಾಷಣ ಗೀಷಣ ಇದ್ಯಂತೆ. ನನ್ನ ಒಳಗೆ ಬಿಡ್ತಾರಾ?”

“ಹನ್ನೊಂದಕ್ಕೆಲ್ಲ ಮುಗಿಯುತ್ತೆ ಅಮ್ಮ. ಆಮೇಲೆ ಬನ್ನಿ.”

“ಬರ್ತೀನಿ. ಇದೇ ಕೊನೇದೇನೋ. ಕಾಲು ಊದಿ ಕಂಬ ಆಗಿದೆ, ಬಸ್ ಹತ್ತಕ್ಕಾಗಲ್ಲ. ಮಗಳು ಹೇಳ್ತಾಳೆ, ಇನ್ನು ಸಾಕಮ್ಮ ಅಂತ. ನಂಗೂ ಸಾಕು ಅನ್ಸುತ್ತೆ. ಹೆಂಗಿದ್ರೂ ಸವೆದೋಗಿದ್ಯಲ್ಲ.”

“ಏನು ಸವೆದಿರೋದು?”

“ಅದೇ ಕಣ್ರೀ, ತೂತು. ಚಿಕ್ಕೋಳಿದ್ದಾಗ ಪ್ರತಿ ವರ್ಷ ಕಚ್ತಿತ್ತು. ಗೌನಿಗೆಲ್ಲ ರಕ್ತ ಆಗಿ ಅಮ್ಮ ಹೊಡೆಯೋಳು. ಮದುವೆಯಾದ ಮೇಲೂ ಕಚ್ತಿತ್ತು. ಆಮೇಲೆ ಒಂದು ವರ್ಷ ಬಂದೆ, ಕಚ್ಚಲಿಲ್ಲ. ಬೆಣ್ಣೆ ಹಂಗೆ ನುಣ್ಣಗೆ. ಬೆರಳಿಟ್ಟೂ ಇಟ್ಟೂ ನಾನೇ ಸವೆಸಿಬಿಟ್ಟಿದೀನಿ. ಚರ್ಚಲ್ಲಿ ಜನ ಮುಟ್ಟೀ ಮುಟ್ಟೀ ಸಂತರ ಪಾದ ಸವೆಯಲ್ವಾ, ಹಂಗೆ. ಅವತ್ತು ಮನೆಗೆ ಹೋಗಿ ಮಲಗ್ದೆ ನೋಡಿ, ಬೆಳಗಾಗೋವರೆಗೂ ಎಚ್ಚರ ಇಲ್ಲ. ಅಪ್ಪಂಗೆ ನೋವು ನಿಂತಿದೆ ಅಂತ ಗೊತ್ತಾಯ್ತು.”

“ಯಾವ ವರ್ಷ ಅದು?” ಎಂದು ಕೇಳಿದೆ. ಯಾಕೆ ಕೇಳಿದೆನೋ.

“ತೊಂಬತ್ನಾಲ್ಕು. ಕಾಫಿಗೆ ಸಕ್ಕರೇನೇ ಹಾಕಿರ್ಲಿಲ್ಲ ನೀವು.”

ಮಾರ್ಚ್ 22, ಗುರುವಾರ

ನಾನು ಅಚ್ಚುಕಟ್ಟಿನ ಮನುಷ್ಯ. 1993ರಲ್ಲಿ ತೂತು ಕೊರೆದ ಮೇಲೆ, ಸಂದರ್ಶಕರ ಅಂಗಿಯ ತೋಳು ಸಿಕ್ಕಿ ಹರಿಯಬಾರದೆಂದು ಅಂಚಿಗೆ ಅರ ಹಾಕಿದೆ, ಉಜ್ಜುಕಾಗದ ಹಾಕಿದೆ, ಬೆರಳಾಡಿಸಿ ನೋಡಿ ಖುಷಿಪಟ್ಟೆ. ಚಾಲಕನ ಮಗಳು ಇಪ್ಪತ್ತನಾಲ್ಕು ವರ್ಷದಿಂದ ನಿದ್ದೆ ಮಾಡುತ್ತಿರುವುದು ನನ್ನ ಅರದ ಕೆಲಸದ ಮೇಲೆ.

ಕೃತಕ ಬಾಗಿಲನ್ನು ಮತ್ತೆ ಹಾಕಬಹುದು. ತಜ್ಞರು ಸಹಿ ಮಾಡಿ ಹೋಗಿದ್ದಾರೆ, ಇನ್ನು ಯಾರೂ ಬಗ್ಗುವುದಿಲ್ಲ. ನಾಲ್ಕು ಬೋಲ್ಟು, ಒಂದು ಗಂಟೆಯ ಕೆಲಸ. ಆಕೆ ಬಂದು, ಬೆರಳಿಟ್ಟು, ಸಕ್ಕರೆ ಕಡಿಮೆ ಎಂದು ಹೇಳಿ, ಶಾಂತಿಯಿಂದ ಮನೆಗೆ ಹೋಗಿ, ಶಾಂತಿಯಿಂದ ಸಾಯಬಹುದು.

ಇಲ್ಲವೇ ಅಸಲಿ ಬಾಗಿಲನ್ನೇ ಬಿಟ್ಟು, ನಡುವಣ ತೂತಿನ ಹಲ್ಲುಗಳಿಗೆ ಮಾತ್ರ ಅರ ಹಾಕಬಹುದು. ಬಾಗಿಲೂ ನಿಜ, ಶಾಂತಿಯೂ ನಿಜ. ಈ ಉಪಾಯ ಹೊಳೆದಾಗ ಎಷ್ಟು ಹಗುರವಾಯಿತೆಂದರೆ, ಎದ್ದು ಕಾಫಿ ಮಾಡಿಕೊಂಡೆ.

ಮಾರ್ಚ್ 23, ಶುಕ್ರವಾರ

ಅರ ಹಿಡಿದು ಕುಳಿತೆ. ಒಂದು ಸಲ ಎಳೆದೆ. ಒಂದೇ ಸಲ.

ಲೋಹ ಕಿರುಗುಟ್ಟಿದ ಸದ್ದಿಗೆ ಹಲ್ಲು ಜುಮ್ಮೆಂದಿತು. ಅರದ ಮೇಲೆ ಸಾಸಿವೆಯಷ್ಟು ಹೊಳೆಯುವ ಪುಡಿ ಕೂತಿತ್ತು. ಅರವತ್ತು ವರ್ಷದಲ್ಲಿ ಪೊಲೀಸರು, ಟ್ಯಾಕ್ಸಿ, ಸೀಸ, ಹಂದಿ, ಯಾರೂ ತೆಗೆಯದಿದ್ದುದನ್ನು ನಾನು...

ಅರವನ್ನು ಒಳಗಿಟ್ಟೆ.

ಮಾರ್ಚ್ 24, ಶನಿವಾರ

ಬೆಳಿಗ್ಗೆ ಭಾಷಣಗಳಾದವು. ಹಾರ ಹಾಕಿದರು. ಆರಿಸ್ತಿದೆಸ್ ಮೊಂತಾಲ್ವೊ ಎಂಬ ಹೆಸರು ನಲವತ್ತೆರಡು ಸಲ ಬಂತು, ನಾನು ಎಣಿಸಿದೆ. ಇನ್ನೊಂದು ಹೆಸರನ್ನೂ ಎಣಿಸಲು ಬೆರಳು ಮಡಚಿಕೊಂಡು ಕೂತಿದ್ದೆ. ಬೆರಳು ಮಡಚಿದ್ದು ಮಡಚಿದ ಹಾಗೇ ಇತ್ತು.

ಹನ್ನೊಂದೂವರೆಗೆ ಎನೆಯ್ಡಾ ಬಂದರು. ಬಿಳಿ ಉಡುಪು, ಊದಿದ ಪಾದಗಳಿಗೆ ಗಂಡಸರ ಚಪ್ಪಲಿ. ನನ್ನನ್ನು ಕಂಡು ತಲೆಯಾಡಿಸಿ, ನೆಟ್ಟಗೆ ಬಾಗಿಲಿಗೆ ಹೋಗಿ, ಕಿರುಬೆರಳು ಚಾಚಿದರು. ನಾನು ಮುಂಗೈ ಹಿಡಿದುಕೊಂಡೆ.

“ಏನ್ರೀ ಇದು? ಬಸ್ಸಿದೆ ನಂಗೆ, ಒಂದೂವರೆಗೆ.”

“ಅಮ್ಮ, ಮೊದಲು ನಾನೊಂದು ಮಾತು ಹೇಳಬೇಕು.”

ಹೇಳಿದೆ. ತಮಾಷೆ ಮಾಡದೆ ಹೇಳಲು ನನಗೆ ಬರುವುದಿಲ್ಲ. ಆದ್ದರಿಂದ ಕೆಟ್ಟದಾಗಿ ಹೇಳಿದೆ. ಸೊಬೈದಾಳ ಕಣ್ಣು, ಓರೆಸ್ತೆಸ್, ಹಂದಿಯ ಕಾಲು, ಅರ, ಉಜ್ಜುಕಾಗದ, ಮಿಗ್ದಾಲಿಯಾಳ ಹಿತ್ತಲು. ಆಕೆ ಕೈ ಬಿಡಿಸಿಕೊಳ್ಳಲಿಲ್ಲ. ಮುಗಿದ ಮೇಲೂ ಸ್ವಲ್ಪ ಹೊತ್ತು ನನ್ನ ಕೈಯಲ್ಲೇ ಇತ್ತು ಆ ಕೈ, ಯಾರದೋ ಮರೆತುಹೋದ ವಸ್ತುವಿನ ಹಾಗೆ.

“ಅಂದ್ರೆ ನಾನು ಸವೆಸಿದ್ದಲ್ಲ.”

“ಅಲ್ಲ.”

“ಅಪ್ಪ ಹಂದಿ ಕಾಯ್ತಿದ್ದ.”



ಆಕೆ ಕೈ ಬಿಡಿಸಿಕೊಂಡು ಬೆರಳನ್ನು ತೂತಿಗೆ ಹಾಕಿದರು. ಪೂರ್ತಿ, ಬುಡದವರೆಗೆ. ಕಣ್ಣು ಮುಚ್ಚಲಿಲ್ಲ. ಹತ್ತು ನಿಮಿಷವೂ ನಿಲ್ಲಲಿಲ್ಲ. ಎಳೆದಾಗ ಕಚ್ಚಿತು. ನನಗೆ ಸದ್ದು ಕೇಳಿಸಿತೆಂದು ಅನಿಸಿತು, ಬೆರಳಿಗೆಲ್ಲಿ ಸದ್ದು. ಕಪ್ಪು ಬಣ್ಣದ ಮೇಲೆ ರಕ್ತ ಕಾಣುವುದಿಲ್ಲ, ಬಿಳಿ ಉಡುಪಿನ ಮೇಲೆ ಕಂಡಿತು.

ಬಾಯಲ್ಲಿ ಬೆರಳಿಟ್ಟುಕೊಂಡು, ಎಂಟು ವರ್ಷದವಳ ಹಾಗೆ, ಕುರ್ಚಿಯಲ್ಲಿ ಕುಳಿತರು.

“ಯಾವ ಕಾಲು ತಿಂದೆ?” ಎಂದು ಕೇಳಿದರು. ಇಷ್ಟು ವರ್ಷದಲ್ಲಿ ಮೊದಲ ಸಲ ಏಕವಚನ.

“ಹಿಂಗಾಲು.”

“ಉಪ್ಪಿತ್ತಾ?”

“ಇರಲಿಲ್ಲ. ಆ ವರ್ಷ ಉಪ್ಪೂ ಇರಲಿಲ್ಲ.”

“ಕಣ್ಣು ಬಂತಾ ಅವಳಿಗೆ?”

“ಒಂದು ಬಂತು.”

“ಒಂದು,” ಅಂದರು. ಬೆರಳನ್ನು ಬಾಯಿಂದ ತೆಗೆದು ನೋಡಿದರು, ಮತ್ತೆ ಇಟ್ಟುಕೊಂಡರು. ಒರೆಸಲು ನನ್ನ ಹತ್ತಿರ ಒಂದು ಚೂರು ಬಟ್ಟೆಯೂ ಇರಲಿಲ್ಲ. ಸಂಗ್ರಹಾಲಯದಲ್ಲಿ ಆ ಹೊತ್ತಿಗಿದ್ದ ಏಕೈಕ ಹೊಸ ವಸ್ತು ಪೊರಕೆ.

ಕಾಫಿ ತಂದೆ. ಮುಟ್ಟಲಿಲ್ಲ.

“ಮುಗೀತು ಅಂದ್ಕೊಂಡಿದ್ದೆ,” ಅಂದರು ಎದ್ದು ನಿಂತು. “ಮತ್ತೆ ಮೊದಲಿಂದ ಶುರು ಮಾಡಕ್ಕೆ ನಂಗೆ ವಯಸ್ಸಿಲ್ಲ. ಮುಂದಿನ ವರ್ಷ ಬರಲ್ಲ. ಕಾಯ್ಬೇಡ.”

ಬಸ್ ನಿಲ್ದಾಣದವರೆಗೆ ಹಿಂದೆಯೇ ಹೋದೆ, ಇಪ್ಪತ್ತು ಹೆಜ್ಜೆ ಬಿಟ್ಟು. ಆಕೆ ತಿರುಗಿ ನೋಡಲಿಲ್ಲ.

ಮಾರ್ಚ್ 26, ಸೋಮವಾರ

ಇಲಾಖೆಗೆ ಪತ್ರ ಬರೆದೆ. ಎರಡು ಪುಟ, ಎಲ್ಲವೂ. ಕೊನೆಗೆ ಸಹಿ, ಸ್ಪಷ್ಟವಾಗಿ.

ಏಪ್ರಿಲ್ 9, ಸೋಮವಾರ

ಉತ್ತರ ಬಂತು. ಬಾಗಿಲಿನ ವಿಷಯ ಅವರ ವಿಭಾಗಕ್ಕೆ ಸೇರಿದ್ದಲ್ಲವಂತೆ. ಪೊರಕೆ ತಲುಪಿದ್ದಕ್ಕೆ ನಾನು ಸಹಿ ಹಾಕಿ ಕಳಿಸಿಲ್ಲವೆಂದು ಎಚ್ಚರಿಕೆ. ಲಾರಿಗೆ ಡೀಸೆಲ್ ಇಲ್ಲದ ಕಾರಣ ಹವಾನಾದ ಪ್ರದರ್ಶನಕ್ಕೆ ನಮ್ಮ ಕಾರು ಹೋಗುವುದಿಲ್ಲ.

ಶಿಕ್ಷೆ ಸಿಕ್ಕಿದ್ದರೆ ಚೆನ್ನಾಗಿತ್ತು. ಅದಕ್ಕೂ ಇನ್ನೊಂದು ಇಲಾಖೆಗೆ ಅರ್ಜಿ ಹಾಕಬೇಕೇನೋ.

ಏಪ್ರಿಲ್ 18, ಬುಧವಾರ

ಮಿಗ್ದಾಲಿಯಾ ಹಂದಿ ಕಡಿಸಿದಳು. ನನಗೊಂದು ಹಿಂಗಾಲು ಕಳಿಸಿದಳು, “ಬಾಗ್ಲು ಚೆನ್ನಾಗಿತ್ತು ನನ್ನ ಜೀವವೇ, ಅದ್ರ ಲೆಕ್ಕಕ್ಕಿದು” ಎಂದು ಹೇಳಿ. ಅದನ್ನು ಬಾಳೆಲೆಯಲ್ಲಿ ಸುತ್ತಿ, ಜೊತೆಗೆ ಉಪ್ಪಿನ ಒಂದು ಪೊಟ್ಟಣವನ್ನೂ ಇಟ್ಟು, ಬೆಳಗಿನ ಬಸ್ಸಿನ ಡ್ರೈವರ್ ಕೈಯಲ್ಲಿ ಉನಿಯೊನ್ ದೆ ರೆಯೆಸ್‌ಗೆ ಕಳಿಸಿದೆ. ಪೊವೆದಾ ಅವರ ಮಗಳಿಗೆ ಎಂದು ಹೇಳಿ.

ಸಂಜೆ ಅದೇ ಬಸ್ಸಿನಲ್ಲಿ ಕಾಲು ವಾಪಸ್ ಬಂತು. “ಬೇಡ ಅಂದ್ರಪ್ಪ ಆ ಅಜ್ಜಿ. ಬೈಲಿಲ್ಲ, ಬರೀ ಬೇಡ ಅಂದ್ರು.”

ಬಾಳೆಲೆ ಬಿಚ್ಚಿ ನೋಡಿದೆ. ಉಪ್ಪಿನ ಪೊಟ್ಟಣ ಇರಲಿಲ್ಲ.

ಏಪ್ರಿಲ್ 27, ಶುಕ್ರವಾರ

ಇಂದು ನನ್ನ ಕೊನೆಯ ದಿನ. ಹಿತ್ತಾಳೆ ಹಲಗೆಯ ಕೆಳಗೆ ಒಂದು ಮರದ ತುಂಡು ಜೋಡಿಸಿ ಬಿಳಿ ಬಣ್ಣದಲ್ಲಿ ಬರೆದಿದ್ದೇನೆ: ಸಿಕ್ಸ್ತೊ ಪೊವೆದಾ, ಚಾಲಕ, ಮೂವತ್ತೆರಡು ವರ್ಷ. ಅಕ್ಷರ ಸ್ವಲ್ಪ ಸೊಟ್ಟಗಿವೆ. ಉಜ್ಜಿ ಸರಿಮಾಡಲು ಹೋಗಲಿಲ್ಲ. ಕೃತಕ ಬಾಗಿಲನ್ನು ಒಬ್ಬ ಟ್ಯಾಕ್ಸಿಯವನಿಗೆ ಕೊಟ್ಟೆ. ಅದಕ್ಕೆ ಪ್ರತಿಯಾಗಿ ಏನೂ ತೆಗೆದುಕೊಳ್ಳುವುದಿಲ್ಲವೆಂದರೆ ಅವನು ನಂಬಲೇ ಇಲ್ಲ, ಮೂರು ಸಲ ತಿರುಗಿ ನೋಡುತ್ತಾ ಹೋದ.

ಈ ನೋಟ್‌ಬುಕ್ ನನಗೊಬ್ಬನಿಗೇ ಎಂದು ಬರೆದದ್ದು. ಆದರೂ ಸೋಮವಾರ ನನ್ನ ಕುರ್ಚಿಗೆ ಬರುವವರು ಮೇಜಿನ ಡ್ರಾಯರ್ ಎಳೆಯುತ್ತೀರಿ, ಇದು ಕೈಗೆ ಸಿಗುತ್ತದೆ, ಕೆಲಸವಿಲ್ಲದ ಮಧ್ಯಾಹ್ನ ಓದುತ್ತೀರಿ. ನನಗೆ ಈ ಕೆಲಸ ಗೊತ್ತು, ಮಧ್ಯಾಹ್ನಗಳು ಬಹಳ. ಹಾಗಾಗಿ ನಿಮ್ಮಲ್ಲಿ ಒಂದು ಸಣ್ಣ ಉಪಕಾರ ಕೇಳುತ್ತೇನೆ. ಕಾರಿನ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಹತ್ತಿ, ಒಂದು ಬಿಳಿ ಕರವಸ್ತ್ರ, ಒಂದು ಚಿಕ್ಕ ಸೀಸೆ ಸ್ಪಿರಿಟ್ ಇಟ್ಟಿದ್ದೇನೆ. ಸೀಸೆಯ ಬಿರಡೆ ಸರಿಯಾಗಿ ಕೂರುವುದಿಲ್ಲ, ಸ್ಪಿರಿಟ್ ಹಾರಿಹೋಗುತ್ತದೆ. ಮಾರ್ಚ್ ಹತ್ತಿರ ಬಂದಾಗ ಒಮ್ಮೆ ನೋಡಿ, ತುಂಬಿಸಿಡಿ.